ಒಂದು ಕಾಟಾ, ಹಲವು ಗಣಕ: ಸೀರಿಯಲ್ ಪೋರ್ಟನ್ನು ಜಾಲದಲ್ಲಿ ಹಂಚಿಕೊಳ್ಳುವ ಬಗೆ

ಶಿಗ್ಗಾಂವ: ಸುಗ್ಗಿಯ ದಿನಗಳಲ್ಲಿ ಗೋವಿನಜೋಳ, ಹತ್ತಿ, ಶೇಂಗಾ ಹೇರಿಕೊಂಡ ಟ್ರ್ಯಾಕ್ಟರುಗಳು ಸಾಲುಗಟ್ಟಿ ನಿಲ್ಲುವುದು ಹಾವೇರಿ ಜಿಲ್ಲೆಯ ಜನರಿಗೆ ಹೊಸ ನೋಟವೇನಲ್ಲ. ಆ ಸಾಲಿನ ತುದಿಯಲ್ಲಿ ತೂಕದ ಕಾಟಾ ಇರುತ್ತದೆ. ಕಾಟಾದ ಪಕ್ಕದ ಪುಟ್ಟ ಕೋಣೆಯಲ್ಲಿ ಕೆಂಪು ಅಂಕಿಗಳು ಮಿನುಗುವ ಒಂದು ಪೆಟ್ಟಿಗೆ. ಅದಕ್ಕೆ ಬಳಕೆಯಲ್ಲಿರುವ ಹೆಸರು ಇಂಡಿಕೇಟರ್. ಅದರ ಬೆನ್ನಿನಿಂದ ಹೊರಟ ತಂತಿಯೊಂದು ಮೇಜಿನ ಮೇಲಿನ ಗಣಕಯಂತ್ರವನ್ನು ಸೇರುತ್ತದೆ. ರೈತನ ಇಡೀ ವರ್ಷದ ದುಡಿಮೆ ಕೆಲವು ಕ್ಷಣಗಳ ಮಟ್ಟಿಗೆ ಐದಾರು ಅಂಕಿಗಳಾಗಿ ಆ ತಂತಿಯೊಳಗೆ ಹರಿಯುತ್ತದೆ.

ಕಾಟಾ ಕೋಣೆಯಲ್ಲಿ ಮೂಡುವ ಈ ಅಂಕಿ ಅಲ್ಲಿನ ಒಂದು ಗಣಕಕ್ಕೆ ಮಾತ್ರ ಬೇಕಾಗಿದ್ದ ಕಾಲವೊಂದಿತ್ತು. ಈಗ ಲೆಕ್ಕ ಬರೆಯುವ ಕಚೇರಿಗೆ ಅದು ಬೇಕು, ಗೋದಾಮಿನ ದಾಸ್ತಾನು ತಂತ್ರಾಂಶಕ್ಕೆ ಬೇಕು, ಬೇರೆ ಊರಿನಲ್ಲಿರುವ ಮಾಲೀಕನ ಪರದೆಗೂ ಬೇಕು. ಆದರೆ ಇಂಡಿಕೇಟರಿನ ತಂತಿ ಸೇರುವುದು ಒಂದೇ ಗಣಕದ ಒಂದೇ ಕಿಂಡಿಗೆ. ಆ ಕಿಂಡಿಯೇ ಸೀರಿಯಲ್ ಪೋರ್ಟ್. ಒಂದು ಗಣಕದ ಸೀರಿಯಲ್ ಪೋರ್ಟನ್ನು ದೂರದ ಗಣಕಗಳ ತಂತ್ರಾಂಶಗಳಿಗೂ ಜಾಲದ ಮೂಲಕ ಒದಗಿಸುವ ವಿಧಾನಗಳನ್ನು, ಅವುಗಳಲ್ಲಿ ಅಂಕಿ ಕೆಡುವ ಸಂದರ್ಭಗಳನ್ನು ಇಲ್ಲಿ ವಿವರಿಸಲಾಗಿದೆ. ವೇಬ್ರಿಜ್ ಇಲ್ಲಿ ಉದಾಹರಣೆ ಮಾತ್ರ. ಹಾಲು ಉತ್ಪಾದಕರ ಸಂಘದಲ್ಲಿ ತೂಕ ಹಾಗೂ ಕೊಬ್ಬಿನಂಶ ಅಳೆಯುವ ಯಂತ್ರಗಳು, ರೋಗನಿದಾನ ಪ್ರಯೋಗಾಲಯದ ಉಪಕರಣಗಳು, ಕಾರ್ಖಾನೆಯ ನಿಯಂತ್ರಕಗಳು ಇವೆಲ್ಲಕ್ಕೂ ಇದೇ ಮಾತು ಅನ್ವಯಿಸುತ್ತದೆ.

ತಂತಿಯೊಳಗಿನ ಭಾಷೆ

ಸೀರಿಯಲ್ ಎಂದರೆ ಒಂದರ ಹಿಂದೆ ಒಂದು. ಅಕ್ಷರವೊಂದರ ಎಂಟು ಬಿಟ್‌ಗಳು ಒಂದೇ ಎಳೆಯ ಮೇಲೆ ಸಾಲಾಗಿ ಸಾಗುತ್ತವೆ. ಆರ್‌ಎಸ್-232 ಎಂಬ ಮಾನಕ ಅಮೆರಿಕದಲ್ಲಿ 1960ರಲ್ಲಿ ರೂಪುಗೊಂಡಿತು. ದೂರಮುದ್ರಕ ಹಾಗೂ ಮೋಡೆಮ್‌ಗಳನ್ನು ಜೋಡಿಸುವುದು ಅದರ ಮೂಲ ಉದ್ದೇಶವಾಗಿತ್ತು. 1969ರ ಪರಿಷ್ಕರಣೆ ಹೆಚ್ಚು ಪ್ರಚಾರಕ್ಕೆ ಬಂತು. 1984ರಲ್ಲಿ ಐಬಿಎಂ ಸಂಸ್ಥೆಯ ಪಿಸಿ-ಎಟಿ ಗಣಕದೊಂದಿಗೆ ಒಂಬತ್ತು ಮುಳ್ಳುಗಳ ಕಿಂಡಿ ಜನಪ್ರಿಯವಾಯಿತು. ಇಂದಿನ ಗಣಕಗಳಿಂದ ಆ ಕಿಂಡಿ ಬಹುತೇಕ ಮಾಯವಾಗಿದ್ದರೂ ತೂಕದ ಯಂತ್ರಗಳ ಬೆನ್ನಿನಿಂದ ಮಾಯವಾಗಿಲ್ಲ. ಅಗ್ಗ, ಸರಳ, ಕೆಟ್ಟರೆ ಊರಿನ ತಂತ್ರಜ್ಞನೇ ಬೆಸುಗೆ ಹಾಕಿ ಸರಿಪಡಿಸಬಲ್ಲ ವ್ಯವಸ್ಥೆಯನ್ನು ಕೈಬಿಡಲು ತಯಾರಕರಿಗೆ ಕಾರಣವೂ ಇರಲಿಲ್ಲ.

ಈ ತಂತಿಗೆ ಎರಡು ಮಿತಿಗಳಿವೆ. ಮೊದಲನೆಯದು ದೂರ. ಹಳೆಯ ಮಾನಕ ಹೇಳಿದ್ದು 50 ಅಡಿ, ಅಂದರೆ ಸುಮಾರು 15 ಮೀಟರ್. ವೇಗ ಕಡಿಮೆ ಇಟ್ಟುಕೊಂಡರೆ ಇನ್ನಷ್ಟು ದೂರ ಎಳೆಯಬಹುದಾದರೂ ಕಾಟಾದಿಂದ ಪ್ರಾಂಗಣದ ಆ ತುದಿಯ ಕಚೇರಿಯವರೆಗೆ ಅದನ್ನು ನೆಚ್ಚಲಾಗದು. ದೂರಕ್ಕೆಂದೇ ಬಂದ ಆರ್‌ಎಸ್-485 ಎಂಬ ಇನ್ನೊಂದು ಮಾನಕ ಸುಮಾರು 1,200 ಮೀಟರ್‌ವರೆಗೆ ಸಾಗುತ್ತದೆ. ಎರಡನೆಯ ಮಿತಿ ಸಂಖ್ಯೆಯದು. ಆರ್‌ಎಸ್-232 ಇಬ್ಬರ ನಡುವಿನ ಮಾತುಕತೆ. ಮೂರನೆಯವನಿಗೆ ಅಲ್ಲಿ ಸ್ಥಾನವಿಲ್ಲ.

ಆಡುವ ಮಾತು ಹೇಗಿರುತ್ತದೆಂಬುದನ್ನೂ ತಿಳಿದಿರುವುದು ಒಳ್ಳೆಯದು. ಸಾಮಾನ್ಯ ಇಂಡಿಕೇಟರ್ ಒಂದು ಸೆಕೆಂಡಿಗೆ ಹಲವು ಬಾರಿ ಪುಟ್ಟ ಸಾಲೊಂದನ್ನು ಕಳುಹಿಸುತ್ತದೆ. ಅದರಲ್ಲಿ ಆರಂಭದ ಗುರುತು, ಅಧಿಕ ಅಥವಾ ಋಣ ಚಿಹ್ನೆ, ತೂಕದ ಅಂಕಿಗಳು, ತೂಕ ಸ್ಥಿರವಾಗಿದೆಯೋ ಇನ್ನೂ ಅಲುಗಾಡುತ್ತಿದೆಯೋ ಎಂಬ ಸಂಕೇತ, ಕೊನೆಗೆ ಸಾಲು ಮುಗಿದ ಗುರುತು ಇರುತ್ತವೆ. ತಯಾರಕರು ಬದಲಾದಂತೆ ಈ ಕ್ರಮವೂ ಬದಲಾಗುತ್ತದೆ. 9600 ಬಾಡ್ ವೇಗದಲ್ಲಿ ಸೆಕೆಂಡಿಗೆ ಸುಮಾರು 960 ಅಕ್ಷರಗಳು ಸಾಗಬಲ್ಲವು. 16 ಅಕ್ಷರಗಳ ಒಂದು ಸಾಲಿಗೆ ಹಿಡಿಯುವುದು ಸೆಕೆಂಡಿನ ಅರವತ್ತನೇ ಒಂದು ಭಾಗ. ಇಂದಿನ ಜಾಲಗಳ ವೇಗದ ಮುಂದೆ ಇದು ಎತ್ತಿನಬಂಡಿ. ಹಾಗಾಗಿ ಜಾಲದ ಮೇಲೆ ಇದನ್ನು ಸಾಗಿಸುವುದರಲ್ಲಿ ವೇಗದ ಸಮಸ್ಯೆ ಇಲ್ಲ. ಸಮಸ್ಯೆಗಳು ಇರುವುದು ಬೇರೆಡೆ.

ಒಬ್ಬನೇ ಯಜಮಾನ

ಒಂದೇ ಗಣಕದಲ್ಲಿ ಎರಡು ತಂತ್ರಾಂಶಗಳು ಒಂದೇ ಸೀರಿಯಲ್ ಪೋರ್ಟನ್ನು ತೆರೆಯಲು ಹೊರಟರೆ ಏನಾಗುತ್ತದೆ? ವಿಂಡೋಸ್ ಇದಕ್ಕೆ ಅವಕಾಶ ಕೊಡುವುದಿಲ್ಲ. ಮೊದಲು ತೆರೆದ ತಂತ್ರಾಂಶವೇ ಯಜಮಾನ. ಎರಡನೆಯದಕ್ಕೆ ಪ್ರವೇಶ ನಿರಾಕರಿಸಲಾಗಿದೆ ಎಂಬ ಸಂದೇಶ ಬರುತ್ತದೆ. ತೂಕದ ತಂತ್ರಾಂಶವನ್ನು ಸರಿಯಾಗಿ ಮುಚ್ಚದೆ ಮತ್ತೊಮ್ಮೆ ತೆರೆದಾಗ ಕಾಣುವ ದೋಷಸಂದೇಶವೂ ಬಹುತೇಕ ಇದೇ.

ಲಿನಕ್ಸ್‌ನ ನಡವಳಿಕೆ ಬೇರೆ. ಅಲ್ಲಿ ತಂತ್ರಾಂಶಗಳು ತಾವಾಗಿ ಬೀಗ ಹಾಕಿಕೊಳ್ಳದಿದ್ದರೆ ಎರಡೂ ಪೋರ್ಟನ್ನು ತೆರೆಯಬಲ್ಲವು. ಇದು ಉದಾರತೆಯಂತೆ ಕಂಡರೂ ವಾಸ್ತವದಲ್ಲಿ ಹೆಚ್ಚು ಅಪಾಯಕಾರಿ. ಬಂದ ಪ್ರತಿ ಅಕ್ಷರವೂ ಎರಡಕ್ಕೂ ಸಿಗುವುದಿಲ್ಲ. ಯಾವುದು ಮೊದಲು ಓದಿತೋ ಅದಕ್ಕೆ ಅಕ್ಷರ ದಕ್ಕುತ್ತದೆ, ಇನ್ನೊಂದರ ಪಾಲಿಗೆ ಅದು ಇಲ್ಲ. ಒಂದೇ ತಟ್ಟೆಯ ರೊಟ್ಟಿಯನ್ನು ಇಬ್ಬರು ಹರಿದುಕೊಂಡಂತೆ ಸಾಲು ಹರಿದುಹೋಗುತ್ತದೆ. ವಿಂಡೋಸ್ ಕನಿಷ್ಠ ಆಗದೆಂದು ಹೇಳುತ್ತದೆ. ಲಿನಕ್ಸ್ ಈ ಸಂದರ್ಭದಲ್ಲಿ ಏನನ್ನೂ ಹೇಳದೆ ಅರ್ಧರ್ಧ ಕೊಡುತ್ತದೆ.

ಆದುದರಿಂದ ಪೋರ್ಟ್ ಹಂಚಿಕೆ ಎಂಬ ಮಾತೇ ಸ್ವಲ್ಪ ದಾರಿ ತಪ್ಪಿಸುವಂಥದು. ಪೋರ್ಟಿಗೆ ಯಜಮಾನ ಎಂದೂ ಒಬ್ಬನೇ. ಆ ಯಜಮಾನನ ಸ್ಥಾನದಲ್ಲಿ ಮಧ್ಯವರ್ತಿ ತಂತ್ರಾಂಶವೊಂದನ್ನು ಕೂರಿಸಿ, ಬಂದದ್ದನ್ನು ಉಳಿದವರಿಗೆಲ್ಲ ಪ್ರತಿ ಮಾಡಿ ಹಂಚುವಂತೆ ಮಾಡುವುದೇ ಎಲ್ಲ ವಿಧಾನಗಳ ತಿರುಳು.

ಜಾಲಕ್ಕೆ ಏರಿಸುವ ದಾರಿಗಳು

ಮೊದಲನೆಯದು ಯಂತ್ರಾಂಶದ ದಾರಿ. ಬೆಂಕಿಪೊಟ್ಟಣಕ್ಕಿಂತ ಸ್ವಲ್ಪ ದೊಡ್ಡದಾದ, ಒಂದು ಕಡೆ ಸೀರಿಯಲ್ ಕಿಂಡಿ, ಇನ್ನೊಂದು ಕಡೆ ಈಥರ್‌ನೆಟ್ ಕಿಂಡಿ ಇರುವ ಪೆಟ್ಟಿಗೆಗಳು ಮಾರುಕಟ್ಟೆಯಲ್ಲಿವೆ. ಮೊಕ್ಸಾ, ಲ್ಯಾಂಟ್ರಾನಿಕ್ಸ್, ಡಿಜಿ ಈ ಕ್ಷೇತ್ರದ ಹಳೆಯ ಹೆಸರುಗಳು. ಇಂಡಿಕೇಟರಿನ ಪಕ್ಕದಲ್ಲೇ ಇಟ್ಟು ಜಾಲದ ತಂತಿ ಜೋಡಿಸಿದರೆ ಮೊಕ್ಸಾ ಪೆಟ್ಟಿಗೆ ಸಾಮಾನ್ಯವಾಗಿ 4001ನೇ ಸಂಖ್ಯೆಯ ಟಿಸಿಪಿ ಪೋರ್ಟಿನಲ್ಲಿ, ಲ್ಯಾಂಟ್ರಾನಿಕ್ಸ್ ಪೆಟ್ಟಿಗೆ 10001ರಲ್ಲಿ ಸಂಪರ್ಕಕ್ಕಾಗಿ ಕಾಯುತ್ತದೆ. (ಪೋರ್ಟ್ ಎಂಬ ಒಂದೇ ಪದಕ್ಕೆ ಇಲ್ಲಿ ಎರಡು ಅರ್ಥಗಳಿರುವುದನ್ನು ಓದುಗರು ಗಮನಿಸಬೇಕು. ಸೀರಿಯಲ್ ಪೋರ್ಟ್ ಕಣ್ಣಿಗೆ ಕಾಣುವ ಕಿಂಡಿ. ಟಿಸಿಪಿ ಪೋರ್ಟ್ ಜಾಲದ ವಿಳಾಸಕ್ಕೆ ಅಂಟಿದ ಒಂದು ಸಂಖ್ಯೆ ಮಾತ್ರ.)

ಎರಡನೆಯದು ತಂತ್ರಾಂಶದ ದಾರಿ. ಕಾಟಾ ಕೋಣೆಯಲ್ಲಿ ಈಗಾಗಲೇ ಇರುವ ಗಣಕವನ್ನೇ, ಅಥವಾ ಅಂಗೈಯಗಲದ ರಾಸ್‌ಬೆರಿ ಪೈ ಗಣಕವೊಂದನ್ನು ಮಧ್ಯವರ್ತಿಯಾಗಿಸಬಹುದು. ಲಿನಕ್ಸ್‌ನಲ್ಲಿ ಕೋರಿ ಮಿನ್ಯಾರ್ಡ್ ಅವರು ಬರೆದ ಸೆರ್‌ಟುನೆಟ್ ಎಂಬ ಉಚಿತ, ಮುಕ್ತ ತಂತ್ರಾಂಶ ಈ ಕೆಲಸಕ್ಕೆ ಹೆಸರುವಾಸಿ. ಸೋಕ್ಯಾಟ್ ಎಂಬ ಇನ್ನೊಂದು ಸಾಧನವೂ ಇದನ್ನು ಮಾಡಬಲ್ಲದು. ವಿಂಡೋಸ್‌ನಲ್ಲಿ ಕಾಮ್‌ಜೀರೋಕಾಮ್ ಎಂಬ ಮುಕ್ತ ತಂತ್ರಾಂಶ ಒಂದಕ್ಕೊಂದು ಹೆಣೆದ ಎರಡು ಕಾಲ್ಪನಿಕ ಪೋರ್ಟುಗಳನ್ನು ಸೃಷ್ಟಿಸುತ್ತದೆ. ಅದರ ಜೊತೆಗಾರ ಹಬ್‌ಫೋರ್‌ಕಾಮ್ ನಿಜವಾದ ಪೋರ್ಟನ್ನು ಹಿಡಿದು, ಬಂದ ಅಕ್ಷರಗಳನ್ನು ಹಲವು ಕಾಲ್ಪನಿಕ ಪೋರ್ಟುಗಳಿಗೂ ಜಾಲಕ್ಕೂ ಹಂಚುತ್ತದೆ. ಹೊಸ ವಿಂಡೋಸ್ ಆವೃತ್ತಿಗಳು ಡ್ರೈವರ್‌ಗಳ ಡಿಜಿಟಲ್ ಸಹಿಯ ವಿಷಯದಲ್ಲಿ ಬಿಗಿಯಾಗಿರುವುದರಿಂದ ಇದರ ಸ್ಥಾಪನೆ ಕೆಲವೊಮ್ಮೆ ತಕರಾರು ಮಾಡುತ್ತದೆ.

ಕಾಲ್ಪನಿಕ ಪೋರ್ಟ್ ಏಕೆ ಬೇಕೆಂದರೆ, ಹಳೆಯ ತೂಕದ ತಂತ್ರಾಂಶಗಳಿಗೆ ಜಾಲವೆಂಬುದೇ ತಿಳಿಯದು. ಕಾಮ್ 1, ಕಾಮ್ 2 ಎಂಬ ಹೆಸರಿನ ಪೋರ್ಟ್ ಬಿಟ್ಟರೆ ಬೇರೇನನ್ನೂ ಅವು ಕೇಳುವುದಿಲ್ಲ. ಕಚೇರಿಯ ಗಣಕದಲ್ಲಿ ಕಾಲ್ಪನಿಕ ಕಾಮ್ 5 ಸೃಷ್ಟಿಸಿ, ಅದರ ಇನ್ನೊಂದು ತುದಿಯನ್ನು ಜಾಲದ ಮೂಲಕ ಕಾಟಾ ಕೋಣೆಗೆ ಕಟ್ಟಿದರೆ ಹಳೆಯ ತಂತ್ರಾಂಶಕ್ಕೆ ತನ್ನ ಮುಂದಿರುವುದು ನಿಜವಾದ ತಂತಿಯೆಂದೇ ಭಾಸವಾಗುತ್ತದೆ. ಬರೆದವರು ಊರು ಬಿಟ್ಟುಹೋದ, ಮೂಲ ಸಂಕೇತ ಯಾರ ಬಳಿಯೂ ಉಳಿಯದ ತಂತ್ರಾಂಶಗಳಿಂದಲೇ ಎಷ್ಟೋ ಕಡೆ ಕೆಲಸ ನಡೆಯುವುದರಿಂದ ಈ ಉಪಾಯಕ್ಕೆ ಬೆಲೆಯಿದೆ.

ಅಕ್ಷರಗಳನ್ನು ಜಾಲದ ಮೇಲೆ ಕಳುಹಿಸುವುದರಲ್ಲೂ ಎರಡು ಪದ್ಧತಿಗಳಿವೆ. ಹಸಿ ಪದ್ಧತಿಯಲ್ಲಿ ತಂತಿಯಲ್ಲಿ ಬಂದದ್ದು ಬಂದ ಹಾಗೆಯೇ ಸಾಗುತ್ತದೆ, ಬೇರೇನೂ ಇಲ್ಲ. ವೇಗ ಎಷ್ಟು, ಪ್ಯಾರಿಟಿ ಏನು ಎಂಬುದನ್ನೆಲ್ಲ ಕಾಟಾ ಕೋಣೆಯಲ್ಲೇ ನಿಗದಿ ಮಾಡಿರಬೇಕು. ಎರಡನೆಯದು ಆರ್‌ಎಫ್‌ಸಿ 2217. ಟೆಲ್ನೆಟ್ ನಿಯಮಗಳಿಗೆ 1997ರ ಅಕ್ಟೋಬರಿನಲ್ಲಿ ಸೇರಿದ ಈ ಪುರವಣಿಯಿಂದ ದೂರದ ತಂತ್ರಾಂಶವೇ ಪೋರ್ಟಿನ ವೇಗವನ್ನು ಬದಲಿಸಬಹುದು, ನಿಯಂತ್ರಣದ ಎಳೆಗಳನ್ನು ಏರಿಳಿಸಬಹುದು, ಅತ್ತಲಿನ ಎಳೆಗಳ ಸ್ಥಿತಿಯನ್ನೂ ಅರಿಯಬಹುದು. ಎರಡು ತುದಿಗಳಲ್ಲಿ ಒಂದೊಂದು ಪದ್ಧತಿ ಇಟ್ಟರೆ ಸಾಲುಗಳ ನಡುವೆ ಅರ್ಥವಿಲ್ಲದ ಗುರುತುಗಳು ನುಸುಳುತ್ತವೆ. ಅವು ಟೆಲ್ನೆಟ್‌ನ ಒಳಮಾತುಕತೆಯ ತುಣುಕುಗಳು. ಕೇವಲ ತೂಕ ಓದುವ ಕೆಲಸಕ್ಕೆ ಹಸಿ ಪದ್ಧತಿಯೇ ಸಾಕು. ಮುದ್ರಕ, ಮೋಡೆಮ್‌ಗಳಂತೆ ನಿಯಂತ್ರಣದ ಎಳೆಗಳನ್ನು ಅವಲಂಬಿಸಿದ ಸಾಧನಗಳಿಗೆ ಮಾತ್ರ ಎರಡನೆಯದು ಬೇಕು.

ಅರ್ಧ ಅಂಕಿಯ ಅಪಾಯ

ಇಲ್ಲಿಯವರೆಗಿನದು ಅರ್ಧ ದಿನದಲ್ಲಿ ಮುಗಿಯುವ ಕೆಲಸ. ಪರದೆಯ ಮೇಲೆ ಅಂಕಿ ಮೂಡಿದೊಡನೆ ಜೋಡಿಸಿದವರು ಹಣ ಪಡೆದು ಹೊರಡುತ್ತಾರೆ. ತೊಂದರೆ ಕಾಣಿಸಿಕೊಳ್ಳುವುದು ಆಮೇಲೆ, ಅದೂ ಯಾವಾಗಲೋ ಒಮ್ಮೆ.

ಸೀರಿಯಲ್ ತಂತಿಯಲ್ಲಿ ಅಕ್ಷರಗಳು ಒಂದೇ ಲಯದಲ್ಲಿ ಬರುತ್ತವೆ. ಟಿಸಿಪಿ ಜಾಲ ಆ ಲಯವನ್ನು ಉಳಿಸುವುದಿಲ್ಲ. ಕಳುಹಿಸಿದ ಅಕ್ಷರಗಳು ಕಳುಹಿಸಿದ ಕ್ರಮದಲ್ಲೇ ತಲುಪುತ್ತವೆ ಎಂಬುದಷ್ಟೇ ಅದರ ಭರವಸೆ. ಒಂದು ಸಾಲು ಒಂದೇ ಕಂತಿನಲ್ಲಿ ತಲುಪುತ್ತದೆಂಬ ಭರವಸೆ ಇಲ್ಲ. 12450 ಎಂಬ ತೂಕದ ಮೊದಲ ಮೂರು ಅಂಕಿಗಳು ಒಂದು ಕಂತಿನಲ್ಲಿ, ಉಳಿದೆರಡು ಮುಂದಿನ ಕಂತಿನಲ್ಲಿ ಬರಬಹುದು. ಬಂದಷ್ಟನ್ನೇ ಪೂರ್ಣ ಸಾಲೆಂದು ಭಾವಿಸುವ ತಂತ್ರಾಂಶ 124 ಕಿಲೋ ಎಂದು ಬರೆದುಕೊಳ್ಳುತ್ತದೆ. ಅದು ಕಣ್ಣಿಗೆ ಬೀಳುವ ತಪ್ಪು, ಯಾರಾದರೂ ತಕ್ಷಣ ಹಿಡಿಯುತ್ತಾರೆ. ಆದರೆ ಮೊದಲ ಕಂತಿನಲ್ಲಿ ಆರಂಭದ ಗುರುತು ಮಾತ್ರ ಕಳೆದುಹೋಗಿ, ಹಿಂದಿನ ಸಾಲಿನ ಬಾಲ ಮುಂದಿನದಕ್ಕೆ ಅಂಟಿದರೆ ಹುಟ್ಟುವ ಸಂಖ್ಯೆ ನಂಬುವಂತೆಯೂ ಇರಬಹುದು. ಪರಿಹಾರ ಕಷ್ಟದ್ದಲ್ಲ. ಆರಂಭದ ಗುರುತಿನಿಂದ ಅಂತ್ಯದ ಗುರುತಿನವರೆಗೆ ಪೂರ್ಣ ಸಾಲು ಕೈಸೇರದೆ ಯಾವ ಅಂಕಿಯನ್ನೂ ಸ್ವೀಕರಿಸಬಾರದು. ಸಾಲಿನ ಉದ್ದ ತಾಳೆಯಾಗದಿದ್ದರೆ ಬಿಸಾಡಬೇಕು. ಸ್ಥಿರ ಸಂಕೇತವಿಲ್ಲದ ತೂಕವನ್ನು ಚೀಟಿಗೆ ಹತ್ತಿಸಬಾರದು.

ಇದಕ್ಕಿಂತ ಕುಟಿಲವಾದ ತೊಂದರೆ ಹಳಸಿದ ತೂಕದ್ದು. ಇಂಡಿಕೇಟರ್ ಸೆಕೆಂಡಿಗೆ ಹತ್ತು ಬಾರಿ, ಪ್ರತಿ ಸಲ 16 ಅಕ್ಷರಗಳಂತೆ ಕಳುಹಿಸುತ್ತಿದೆ ಎಂದಿಟ್ಟುಕೊಳ್ಳೋಣ. ಕಚೇರಿಯ ಗುಮಾಸ್ತ ಪರದೆಯ ಮೇಲೆ ಏನೋ ಪ್ರಶ್ನೆ ನಿಂತಿರುವಾಗಲೇ ಚಹಾಕ್ಕೆಂದು ಎದ್ದುಹೋದ. ಅಷ್ಟು ಹೊತ್ತು ತಂತ್ರಾಂಶ ಓದುವುದನ್ನು ನಿಲ್ಲಿಸಿದೆ, ಆದರೆ ಕಾಟಾ ಕೋಣೆ ಕಳುಹಿಸುವುದನ್ನು ನಿಲ್ಲಿಸಿಲ್ಲ. ಒಂದು ನಿಮಿಷಕ್ಕೆ 9,600 ಅಕ್ಷರಗಳು ಗಣಕದ ಜಾಲದ ಸರತಿಯಲ್ಲಿ ಸದ್ದಿಲ್ಲದೆ ಕೂಡುತ್ತವೆ. ಅಷ್ಟನ್ನು ಹಿಡಿದಿಡಲು ಇಂದಿನ ಗಣಕಕ್ಕೆ ಯಾವ ಪ್ರಯಾಸವೂ ಇಲ್ಲ. ಗುಮಾಸ್ತ ಬಂದು ಗುಂಡಿ ಒತ್ತಿದಾಗ ತಂತ್ರಾಂಶ ಓದುವುದು ಸರತಿಯ ಮೊದಲಲ್ಲಿ ನಿಂತ ಸಾಲನ್ನು, ಅಂದರೆ ಒಂದು ನಿಮಿಷದ ಹಿಂದಿನ ತೂಕವನ್ನು. ಅಷ್ಟರಲ್ಲಿ ಕಾಟಾದ ಮೇಲೆ ಬೇರೆ ಟ್ರ್ಯಾಕ್ಟರ್ ಬಂದು ನಿಂತಿರುತ್ತದೆ.

ಇದರ ಬೆಲೆ ಎಷ್ಟೆಂಬುದನ್ನು ಲೆಕ್ಕ ಹಾಕಬಹುದು. ಮಾಲು ಇಳಿಸಿ ಬಂದ ಖಾಲಿ ಟ್ರ್ಯಾಕ್ಟರಿನ ತೂಕದ ಜಾಗದಲ್ಲಿ ಅದಕ್ಕಿಂತ 150 ಕಿಲೋ ಹೆಚ್ಚು ತೂಗುವ ಹಿಂದಿನ ಟ್ರ್ಯಾಕ್ಟರಿನ ಅಂಕಿ ದಾಖಲಾದರೆ ಮಾಲಿನ ನಿವ್ವಳ ತೂಕ ಅಷ್ಟೇ ಕಡಿಮೆಯಾಗುತ್ತದೆ. 2025-26ರ ಹಂಗಾಮಿಗೆ ಕೇಂದ್ರ ಸರ್ಕಾರ ಗೋವಿನಜೋಳಕ್ಕೆ ಘೋಷಿಸಿದ ಕನಿಷ್ಠ ಬೆಂಬಲ ಬೆಲೆ ಕ್ವಿಂಟಲ್‌ಗೆ 2,400 ರೂಪಾಯಿ. ಆ ದರದಲ್ಲಿ ಒಂದೂವರೆ ಕ್ವಿಂಟಲ್ ಎಂದರೆ 3,600 ರೂಪಾಯಿ. ಇದರಲ್ಲಿ ಯಾರ ದುರುದ್ದೇಶವೂ ಇಲ್ಲದಿರಬಹುದು. ಆದರೆ ಅಂಕಿ ಎರಡೂ ಕಡೆ ನಂಬುವಂಥದೇ ಆಗಿರುವುದರಿಂದ ತಪ್ಪು ಯಾರ ಕಣ್ಣಿಗೂ ಬೀಳುವುದಿಲ್ಲ. ರೈತ ದೂರಿದರೂ ಗಣಕ ತೋರಿಸಿದ್ದೇ ಸರಿ ಎಂಬ ಉತ್ತರ ಸಿದ್ಧವಾಗಿರುತ್ತದೆ.

ಸರಿಯಾಗಿ ಬರೆದ ತಂತ್ರಾಂಶ ಗುಂಡಿ ಒತ್ತಿದ ಕ್ಷಣ ಸರತಿಯಲ್ಲಿದ್ದುದನ್ನೆಲ್ಲ ಚೆಲ್ಲಿ, ಆನಂತರ ಬಂದ ಹೊಸ ಸಾಲನ್ನು ಮಾತ್ರ ಒಪ್ಪುತ್ತದೆ. ಇನ್ನೂ ಉತ್ತಮ ಕ್ರಮವೆಂದರೆ ಕಾಟಾ ಕೋಣೆಯ ಮಧ್ಯವರ್ತಿಯೇ ಪ್ರತಿ ಸಾಲಿಗೂ ತನ್ನ ಗಡಿಯಾರದ ಸಮಯ ಹಚ್ಚಿ ಕಳುಹಿಸುವುದು. ಆಗ ಎರಡು ಸೆಕೆಂಡಿಗಿಂತ ಹಳೆಯದಾದ ಅಂಕಿಯನ್ನು ಕಚೇರಿಯ ತಂತ್ರಾಂಶ ತಿರಸ್ಕರಿಸಬಹುದು. ಸೆರ್‌ಟುನೆಟ್‌ನಂತಹ ಸಾಧನ ಅಕ್ಷರಗಳನ್ನು ದಾಟಿಸುತ್ತದೆಯೇ ಹೊರತು ಅವುಗಳ ಅರ್ಥವನ್ನು ಅರಿಯದು. ಸಮಯ ಹಚ್ಚುವ ಕೆಲಸಕ್ಕೆ ಪುಟ್ಟ ತಂತ್ರಾಂಶವೊಂದನ್ನು ಪ್ರತ್ಯೇಕವಾಗಿ ಬರೆಯಿಸಬೇಕಾಗುತ್ತದೆ.

ಲಯದ ವಿಷಯದಲ್ಲಿ ಇನ್ನೊಂದು ಮಾತು. ಕಾರ್ಖಾನೆಗಳಲ್ಲಿ ಬಳಕೆಯಲ್ಲಿರುವ ಮಾಡ್‌ಬಸ್ ಆರ್‌ಟಿಯು ಪದ್ಧತಿಯಲ್ಲಿ ಸಾಲು ಮುಗಿದುದನ್ನು ತಿಳಿಸುವುದು ಗುರುತಲ್ಲ, ಮೌನ. ಮೂರೂವರೆ ಅಕ್ಷರಗಳಷ್ಟು ಕಾಲ ತಂತಿ ಸುಮ್ಮನಿದ್ದರೆ ಸಾಲು ಮುಗಿಯಿತೆಂದು ಅರ್ಥ. ಜಾಲ ಆ ಮೌನವನ್ನು ನುಂಗಿಬಿಡುತ್ತದೆ. ಅಂತಹ ಸಾಧನಗಳಿಗೆ ಬರಿಯ ಪೋರ್ಟ್ ಹಂಚಿಕೆ ಸಾಲದು, ಮಾಡ್‌ಬಸ್ ಅರಿತ ಮಧ್ಯವರ್ತಿಯೇ ಬೇಕು.

ಕರೆಂಟು ಹೋದಾಗ

ಕಚೇರಿಯ ಗಣಕ ಕೆಲಸ ಮಾಡುತ್ತಿರುವಾಗಲೇ ವಿದ್ಯುತ್ ಕಡಿತವಾಯಿತು. ಗಣಕ ಆರಿತು, ಆದರೆ ಆರುವ ಮುನ್ನ ವಿದಾಯ ಹೇಳಲಿಲ್ಲ. ಬ್ಯಾಟರಿಯ ಮೇಲಿರುವ ಕಾಟಾ ಕೋಣೆಯ ಮಧ್ಯವರ್ತಿ ಸಂಪರ್ಕ ಇನ್ನೂ ಇದೆಯೆಂದೇ ಭಾವಿಸಿರುತ್ತದೆ. ಕರೆಂಟು ಬಂದ ಮೇಲೆ ಕಚೇರಿ ಮತ್ತೆ ಸಂಪರ್ಕಿಸಲು ಹೋದರೆ ಪೋರ್ಟ್ ಬೇರೆಯವರ ಬಳಕೆಯಲ್ಲಿದೆ ಎಂಬ ಉತ್ತರ ಬರುತ್ತದೆ. ಆ ಬೇರೆಯವರು ಸತ್ತುಹೋದ ತನ್ನದೇ ಹಳೆಯ ಸಂಪರ್ಕ. ಕಾಟಾ ಕೋಣೆಗೆ ಓಡಿಹೋಗಿ ಪೆಟ್ಟಿಗೆಯ ಸ್ವಿಚ್ ಆರಿಸಿ ಹೊತ್ತಿಸುವುದೇ ಇದಕ್ಕೆ ಮದ್ದೆಂದು ಅನೇಕರು ನಂಬಿದ್ದಾರೆ.

ಇದಕ್ಕೆ ಎರಡು ಏರ್ಪಾಡುಗಳುಂಟು. ಅತ್ತಲಿನವನು ಜೀವಂತವಿರುವನೇ ಎಂದು ಆಗಾಗ ಕೂಗಿ ನೋಡುವ ಕೀಪ್‌ಅಲೈವ್ ಎಂಬ ಆಯ್ಕೆ ಬಹುತೇಕ ಪೆಟ್ಟಿಗೆಗಳಲ್ಲಿದೆ. ಆದರೆ ಗಣಕಗಳಲ್ಲಿ ಅದರ ಮೂಲ ಅವಧಿ ಎರಡು ಗಂಟೆ. ಅದನ್ನು ಒಂದು ನಿಮಿಷದೊಳಕ್ಕೆ ಇಳಿಸಿಕೊಳ್ಳಬೇಕು. ಇನ್ನೊಂದು, ಹೊಸ ಸಂಪರ್ಕ ಬಂದೊಡನೆ ಹಳೆಯದನ್ನು ಕಡಿದುಹಾಕುವ ಏರ್ಪಾಡು. ಇದು ಸೆರ್‌ಟುನೆಟ್‌ನಲ್ಲಿಯೂ ಲಭ್ಯ. ಅನುಕೂಲವೇನೋ ಹೌದು, ಆದರೆ ಅದೇ ಜಾಲದಲ್ಲಿರುವ ಯಾರು ಬೇಕಾದರೂ ನಡುವೆ ನುಗ್ಗಿ ನಿಜವಾದ ಬಳಕೆದಾರನನ್ನು ಹೊರಹಾಕಬಹುದೆಂಬುದನ್ನು ಮರೆಯುವಂತಿಲ್ಲ.

ಕೇಳುವವರು ಹಲವರು, ಹೇಳುವವನೊಬ್ಬ

ಪೋರ್ಟ್ ಎರಡೂ ದಿಕ್ಕಿನ ದಾರಿ. ಅನೇಕ ಇಂಡಿಕೇಟರುಗಳು ತೂಕ ಹೇಳುವುದಷ್ಟೇ ಅಲ್ಲದೆ ಸೊನ್ನೆಗೆ ಬಾ, ಖಾಲಿ ಭಾರ ಕಳೆ ಎಂಬ ಆದೇಶಗಳನ್ನೂ ಅದೇ ತಂತಿಯಲ್ಲಿ ಸ್ವೀಕರಿಸುತ್ತವೆ. ನಾಲ್ಕು ಗಣಕಗಳಿಗೆ ಪೋರ್ಟ್ ಹಂಚಿ ನಾಲ್ಕಕ್ಕೂ ಬರೆಯುವ ಅಧಿಕಾರ ಕೊಟ್ಟರೆ, ಕಾಟಾದ ಮೇಲೆ ಟ್ರ್ಯಾಕ್ಟರ್ ನಿಂತಿರುವಾಗ ದೂರದ ಗಣಕವೊಂದರಿಂದ ಆಕಸ್ಮಿಕವಾಗಿ ಹೊರಟ ಒಂದು ಆದೇಶ ತೂಕದ ಲೆಕ್ಕವನ್ನೇ ಬುಡಮೇಲು ಮಾಡಬಹುದು. ಕೇಳುವ ಹಕ್ಕನ್ನು ಎಷ್ಟು ಜನರಿಗಾದರೂ ಕೊಡಬಹುದು, ಹೇಳುವ ಹಕ್ಕನ್ನು ಕಾಟಾ ಕೋಣೆಯ ಒಂದೇ ತಂತ್ರಾಂಶಕ್ಕೆ ಉಳಿಸಬೇಕು. ತೂಕದ ಕೆಲಸದಲ್ಲಿ ದೂರದಿಂದ ಆದೇಶ ಕಳುಹಿಸಬೇಕಾದ ಪ್ರಸಂಗ ಇಲ್ಲವೆಂದೇ ಹೇಳಬಹುದು.

ತಂತ್ರಾಂಶವನ್ನು ನಂಬದವರಿಗೆ ತಂತಿಯ ಮಟ್ಟದಲ್ಲೇ ಒಂದು ಉಪಾಯವಿದೆ. ಮಧ್ಯವರ್ತಿ ಪೆಟ್ಟಿಗೆಯಿಂದ ಇಂಡಿಕೇಟರಿಗೆ ಹೋಗುವ ಎಳೆಯನ್ನು ಜೋಡಿಸದೆ, ಇಂಡಿಕೇಟರಿನಿಂದ ಬರುವ ಎಳೆ ಹಾಗೂ ನೆಲದ ಎಳೆ ಇವೆರಡನ್ನೇ ಜೋಡಿಸುವುದು. ನಿರಂತರವಾಗಿ ತೂಕ ಕಳುಹಿಸುವ ಇಂಡಿಕೇಟರಿಗೆ ಇಷ್ಟು ಸಾಕು. ಕೇಳಿದಾಗ ಮಾತ್ರ ತೂಕ ಹೇಳುವಂತೆ ಹೊಂದಿಸಿದ್ದಲ್ಲಿ ಇದು ನಡೆಯದು. ರೈತರಿಗೆ ಕಾಣುವಂತೆ ಕಾಟಾದ ಹೊರಗೆ ತೂಗುಹಾಕಿದ ದೊಡ್ಡ ಅಂಕಿಫಲಕವೂ ಇಂತಹ ಮೂಕ ಶ್ರೋತೃವೇ ಆಗಿದೆ. ಗಣಕದ ಯಾವ ಹಂಗೂ ಇಲ್ಲದೆ ನೇರವಾಗಿ ಇಂಡಿಕೇಟರಿನ ಮಾತನ್ನಷ್ಟೇ ಅದು ತೋರಿಸುವಂತಿದ್ದರೆ ಚೀಟಿಯ ಅಂಕಿಯನ್ನು ತಾಳೆ ನೋಡಲು ರೈತನ ಕೈಗೆ ಸಿಗುವ ಸಾಕ್ಷಿ ಅದೊಂದೇ.

ತೆರೆದ ಬಾಗಿಲು

ಹಸಿ ಪದ್ಧತಿಗಾಗಲಿ ಟೆಲ್ನೆಟ್‌ಗಾಗಲಿ ಗುಪ್ತಲಿಪಿಯಿಲ್ಲ. ಬಹುತೇಕ ಪೆಟ್ಟಿಗೆಗಳು ಪೋರ್ಟಿಗೆ ಗುಪ್ತಪದವನ್ನೂ ಕೇಳುವುದಿಲ್ಲ. ವಿಳಾಸ ಗೊತ್ತಿದ್ದವನೇ ಒಡೆಯ. ಒಂದೇ ಕಟ್ಟಡದ ಒಳಜಾಲದಲ್ಲಿ ಇದನ್ನು ಸಹಿಸಿಕೊಳ್ಳಬಹುದು. ಮಾಲೀಕನಿಗೆ ಹುಬ್ಬಳ್ಳಿಯಿಂದಲೋ ಬೆಂಗಳೂರಿನಿಂದಲೋ ನೋಡಲು ಅನುಕೂಲವಾಗಲೆಂದು ರೂಟರ್‌ನಲ್ಲಿ ಕಿಂಡಿ ತೆರೆದು ಅದೇ ಪೋರ್ಟನ್ನು ಅಂತರ್ಜಾಲಕ್ಕೆ ಒಡ್ಡಿದರೆ ಮಾತ್ರ ಅದು ಜಗತ್ತಿಗೇ ತೆರೆದ ಬಾಗಿಲಾಗುತ್ತದೆ.

ಇದು ಉತ್ಪ್ರೇಕ್ಷೆಯಲ್ಲ. ಭದ್ರತಾ ಸಂಶೋಧಕ ಎಚ್.ಡಿ. ಮೂರ್ ಅವರು 2013ರಲ್ಲಿ ಪ್ರಕಟಿಸಿದ ಸಮೀಕ್ಷೆಯಲ್ಲಿ ಅಂತರ್ಜಾಲಕ್ಕೆ ತೆರೆದುಕೊಂಡ 1,14,000ಕ್ಕೂ ಹೆಚ್ಚು ಸೀರಿಯಲ್ ಸರ್ವರ್‌ಗಳು ಪತ್ತೆಯಾಗಿದ್ದವು. ಅವುಗಳಲ್ಲಿ 13,000ಕ್ಕೂ ಹೆಚ್ಚು ಪೋರ್ಟುಗಳು ಯಾವ ಗುಪ್ತಪದವನ್ನೂ ಕೇಳದೆ ಆಡಳಿತಾಧಿಕಾರ ನೀಡುತ್ತಿದ್ದವು. 2015ರ ಡಿಸೆಂಬರ್ 23ರಂದು ಉಕ್ರೇನಿನ ವಿದ್ಯುತ್ ವಿತರಣಾ ಕಂಪನಿಗಳ ಮೇಲೆ ನಡೆದ ದಾಳಿಯಲ್ಲಿ ಸುಮಾರು 2,25,000 ಗ್ರಾಹಕರು ಕತ್ತಲಲ್ಲಿ ಮುಳುಗಿದರು. ಆ ಸಂದರ್ಭದಲ್ಲಿ ದಾಳಿಕೋರರು ಉಪಕೇಂದ್ರಗಳ ಸೀರಿಯಲ್-ಈಥರ್‌ನೆಟ್ ಪೆಟ್ಟಿಗೆಗಳೊಳಗಿನ ಮೂಲ ತಂತ್ರಾಂಶವನ್ನೇ ಅಳಿಸಿ ಹಾಕಿದ್ದರಿಂದ ದೂರದಿಂದ ವಿದ್ಯುತ್ ಮರಳಿಸುವುದು ಅಸಾಧ್ಯವಾಗಿ, ಸಿಬ್ಬಂದಿ ಸ್ಥಳಕ್ಕೇ ಹೋಗಿ ಕೈಯಿಂದ ಸ್ವಿಚ್ ಹಾಕಬೇಕಾಯಿತು. ಕಾಟಾ ಕೋಣೆಯ ಪುಟ್ಟ ಪೆಟ್ಟಿಗೆಯೂ ಅದೇ ಜಾತಿಯದು.

ದೂರದಿಂದ ನೋಡಲೇಬೇಕಿದ್ದರೆ ವಿಪಿಎನ್ ಅಥವಾ ಎಸ್‌ಎಸ್‌ಎಚ್ ಸುರಂಗದ ಮೂಲಕವೇ ಬರಬೇಕು. ಪೆಟ್ಟಿಗೆಯೊಂದಿಗೆ ಬಂದ ಮೂಲ ಗುಪ್ತಪದವನ್ನು ಮೊದಲ ದಿನವೇ ಬದಲಿಸಬೇಕು. ಮಧ್ಯವರ್ತಿ ಹಾಗೂ ಓದುವ ತಂತ್ರಾಂಶ ಒಂದೇ ಗಣಕದಲ್ಲಿದ್ದರೆ ಸಂಪರ್ಕವನ್ನು ಆ ಗಣಕದೊಳಕ್ಕೇ ಸೀಮಿತಗೊಳಿಸಬೇಕು. ಇವೆಲ್ಲಕ್ಕೂ ಹೆಚ್ಚಿನ ಖರ್ಚಿಲ್ಲ.

ಮುದ್ರೆಯ ವ್ಯಾಪ್ತಿ ಎಲ್ಲಿಯವರೆಗೆ?

2009ರ ಕಾನೂನು ಮಾಪನಶಾಸ್ತ್ರ ಕಾಯ್ದೆ 2011ರ ಏಪ್ರಿಲ್ 1ರಿಂದ ಜಾರಿಯಲ್ಲಿದೆ. ಅದರ ಅಡಿಯ ನಿಯಮಗಳಂತೆ ವಿದ್ಯುನ್ಮಾನ ತೂಕದ ಯಂತ್ರಗಳು ವರ್ಷಕ್ಕೊಮ್ಮೆ ಪರಿಶೀಲನೆಗೊಳಗಾಗಿ ಮುದ್ರೆ ಹಾಕಿಸಿಕೊಳ್ಳಬೇಕು. ಮುದ್ರೆ ಯಂತ್ರದೊಳಗಿನ ಹೊಂದಾಣಿಕೆಯನ್ನು ಯಾರೂ ಕದಲಿಸದಂತೆ ಕಾಯುತ್ತದೆ. ತೂಕದ ಯಂತ್ರಗಳ ಕುರಿತ ಅಂತಾರಾಷ್ಟ್ರೀಯ ಶಿಫಾರಸಾದ ಒಐಎಂಎಲ್ ಆರ್-76 ಕೂಡ ಹೊರಗಿನ ಸಂಪರ್ಕಗಳಿಂದ ಯಂತ್ರದ ಮಾಪನ ಕಾರ್ಯಕ್ಕೆ ಬಾಧೆಯಾಗಬಾರದೆಂದು ಹೇಳುತ್ತದೆ. ಆದರೆ ಇಂಡಿಕೇಟರಿನಿಂದ ಹೊರಟ ಅಂಕಿ ತಂತಿ, ಪೆಟ್ಟಿಗೆ, ಜಾಲ, ಕಚೇರಿಯ ತಂತ್ರಾಂಶ ದಾಟಿ ಬಿಲ್ಲಿಗೆ ಇಳಿಯುವ ದಾರಿಯಲ್ಲಿ ಏನಾಯಿತೆಂಬುದನ್ನು ಪೆಟ್ಟಿಗೆಯ ಮೇಲಿನ ಸೀಸದ ಮುದ್ರೆ ಹೇಳಲಾರದು. ದಾರಿ ಉದ್ದವಾದಷ್ಟೂ ಮುದ್ರೆಯಿಲ್ಲದ ಭಾಗ ಹೆಚ್ಚುತ್ತದೆ.

ಕರ್ನಾಟಕದಲ್ಲಿ ಈ ದಾರಿ ಉದ್ದವಾಗುತ್ತಲೇ ಬಂದಿದೆ. ರಾಜ್ಯದ ಕೃಷಿ ಮಾರುಕಟ್ಟೆಗಳನ್ನು ಒಂದೇ ವಿದ್ಯುನ್ಮಾನ ವೇದಿಕೆಗೆ ತರುವ ಏಕೀಕೃತ ಮಾರುಕಟ್ಟೆ ವೇದಿಕೆ 2014ರಲ್ಲಿ ಆರಂಭವಾಯಿತು. ಬ್ಯಾಡಗಿಯ ಮೆಣಸಿನಕಾಯಿ ಮಾರುಕಟ್ಟೆಯಲ್ಲಿ ಇ-ಟೆಂಡರ್ ಮೂಲಕ ದರ ನಿಗದಿಯಾಗುವುದು ಜಿಲ್ಲೆಯ ರೈತರಿಗೆ ಪರಿಚಿತ ಸಂಗತಿ. ದರ ಕುಸಿತದಿಂದ ರೊಚ್ಚಿಗೆದ್ದು 2024ರ ಮಾರ್ಚ್ 11ರಂದು ಅಲ್ಲಿ ನಡೆದ ಹಿಂಸಾಚಾರ ತೂಕದ ವಿಚಾರದ್ದಾಗಿರಲಿಲ್ಲ, ನಿಜ. ಆದರೂ ಪರದೆಯ ಮೇಲಿನ ಅಂಕಿಯ ಬಗ್ಗೆ ವಿಶ್ವಾಸ ಕಳೆದುಹೋದರೆ ಪ್ರಾಂಗಣದ ಸ್ಥಿತಿ ಏನಾಗಬಹುದೆಂಬುದನ್ನು ಅದು ತೋರಿಸಿತ್ತು. ಪಡಿತರ ಅಂಗಡಿಗಳ ವಿಷಯದಲ್ಲಿ ಕೇಂದ್ರ ಸರ್ಕಾರ 2021ರ ಜೂನ್‌ನಲ್ಲಿ ನಿಯಮ ತಿದ್ದಿ, ವಿದ್ಯುನ್ಮಾನ ತಕ್ಕಡಿಯನ್ನು ಇ-ಪಾಸ್ ಯಂತ್ರಕ್ಕೆ ಜೋಡಿಸುವುದನ್ನು ಉತ್ತೇಜಿಸಿತು. ಅಂಗಡಿಕಾರ ಕೈಯಿಂದ ಅಂಕಿ ಒತ್ತುವ ಬದಲು ತಕ್ಕಡಿಯೇ ಹೇಳಲಿ ಎಂಬುದು ಅದರ ಆಶಯ. ಕಬ್ಬು ಬೆಳೆಗಾರರ ಸಂಘಟನೆಗಳು ಕಾಟಾದ ಬಗ್ಗೆ ಬಹುಕಾಲದಿಂದ ಎತ್ತುತ್ತ ಬಂದ ದೂರುಗಳ ಹಿಂದೆಯೂ ಇರುವುದು ಇದೇ ಪ್ರಶ್ನೆ.

ಯುಎಸ್‌ಬಿ, ಸಿಡಿಲು ಮತ್ತಿತರ ಕಿರಿಕಿರಿಗಳು

ಹೊಸ ಗಣಕಗಳಲ್ಲಿ ಸೀರಿಯಲ್ ಕಿಂಡಿ ಇಲ್ಲದ್ದರಿಂದ ಯುಎಸ್‌ಬಿ ಪರಿವರ್ತಕ ಅನಿವಾರ್ಯವಾಗಿದೆ. ಅದನ್ನು ಒಂದು ಕಿಂಡಿಯಿಂದ ಕಿತ್ತು ಇನ್ನೊಂದಕ್ಕೆ ಚುಚ್ಚಿದರೆ ವಿಂಡೋಸ್‌ನಲ್ಲಿ ಕಾಮ್ ಸಂಖ್ಯೆ ಬದಲಾಗಬಹುದು. ಹಂಚಿಕೆ ತಂತ್ರಾಂಶ ಹಳೆಯ ಸಂಖ್ಯೆಯನ್ನೇ ಹುಡುಕುತ್ತ ಕೂರುತ್ತದೆ. ಲಿನಕ್ಸ್‌ನಲ್ಲಿ ಪರಿವರ್ತಕದ ಗುರುತಿನಿಂದಲೇ ಕರೆಯುವ ಸ್ಥಿರ ಹೆಸರುಗಳಿವೆ, ಅವನ್ನೇ ಬಳಸುವುದು ಲೇಸು. ನಕಲಿ ಚಿಪ್‌ಗಳ ಕಾಟವೂ ಉಂಟು. 2014ರಲ್ಲಿ ಎಫ್‌ಟಿಡಿಐ ಸಂಸ್ಥೆಯ ಡ್ರೈವರ್ ಪರಿಷ್ಕರಣೆಯೊಂದು ನಕಲಿ ಚಿಪ್‌ಗಳನ್ನು ನಿಷ್ಕ್ರಿಯಗೊಳಿಸಿ ಜಗತ್ತಿನಾದ್ಯಂತ ಗದ್ದಲಕ್ಕೆ ಕಾರಣವಾಗಿತ್ತು. ಅಗ್ಗದ ಪರಿವರ್ತಕ ಒಂದು ಬೆಳಿಗ್ಗೆ ಇದ್ದಕ್ಕಿದ್ದಂತೆ ಕೈಕೊಟ್ಟರೆ ಇಂತಹ ಕಾರಣವೂ ಇರಬಹುದು.

ಮುಂಗಾರುಪೂರ್ವದ ಗುಡುಗು-ಸಿಡಿಲಿನ ದಿನಗಳಲ್ಲಿ ಉದ್ದನೆಯ ಸೀರಿಯಲ್ ತಂತಿ ಆಂಟೆನಾದಂತೆ ವರ್ತಿಸುತ್ತದೆ. ಕಾಟಾ ಕೋಣೆಯ ನೆಲ ಹಾಗೂ ಕಚೇರಿಯ ನೆಲದ ನಡುವಿನ ವಿದ್ಯುತ್ ವ್ಯತ್ಯಾಸ ಆ ತಂತಿಯ ಮೂಲಕವೇ ಹರಿದು ಇಂಡಿಕೇಟರಿನ ಪೋರ್ಟನ್ನು ಸುಡುತ್ತದೆ. ಈ ದೃಷ್ಟಿಯಿಂದ ಜಾಲದ ದಾರಿಯೇ ವಾಸಿ. ಈಥರ್‌ನೆಟ್ ಕಿಂಡಿಯಲ್ಲಿ ಎರಡು ತುದಿಗಳನ್ನು ವಿದ್ಯುತ್ತಿನಿಂದ ಬೇರ್ಪಡಿಸುವ ಟ್ರಾನ್ಸ್‌ಫಾರ್ಮರ್ ಇರುತ್ತದೆ. ಪೆಟ್ಟಿಗೆಯನ್ನು ಇಂಡಿಕೇಟರಿನ ಪಕ್ಕದಲ್ಲೇ ಇಟ್ಟು ಗಿಡ್ಡ ತಂತಿ ಬಳಸಿ, ಮುಂದಿನ ದೂರಕ್ಕೆ 100 ಮೀಟರ್‌ವರೆಗೆ ಈಥರ್‌ನೆಟ್ ಅಥವಾ ಅದಕ್ಕೂ ಮೀರಿದರೆ ಬೆಳಕಿನ ತಂತು ಎಳೆಯುವುದು ಸೂಕ್ತ.

ಜೋಡಣೆ ಮುಗಿದ ಮೇಲೆ ಹಣ ಕೊಡುವ ಮುನ್ನ ಮಾಡಬಹುದಾದ ಪರೀಕ್ಷೆಯೊಂದಿದೆ. ಕಾಟಾದ ಮೇಲೆ ವಾಹನ ನಿಲ್ಲಿಸಿ, ಕಚೇರಿಯ ಪರದೆಯಲ್ಲಿ ತೂಕ ಮೂಡಿದ ಬಳಿಕ ಇಂಡಿಕೇಟರಿನ ತಂತಿಯನ್ನು ಕಿತ್ತುಬಿಡಬೇಕು. ವಾಹನವನ್ನು ಕೆಳಗಿಳಿಸಬೇಕು. ಈಗ ಚೀಟಿ ಮುದ್ರಿಸಲು ಹೇಳಬೇಕು. ಸಂಪರ್ಕವಿಲ್ಲವೆಂದು ತಂತ್ರಾಂಶ ನಿರಾಕರಿಸಿದರೆ ಅದು ಸರಿಯಿದೆ. ಹೊರಟುಹೋದ ವಾಹನದ ತೂಕವನ್ನೇ ಚೀಟಿಯ ಮೇಲೆ ಮುದ್ರಿಸಿಕೊಟ್ಟರೆ ಜೋಡಿಸಿದವರನ್ನು ಮರಳಿ ಕರೆಸಬೇಕು.